ಮಹಿಳೆಯರ ಸ್ನೋಬೋರ್ಡ್

ಮಹಿಳೆಯರ ಸ್ನೋಬೋರ್ಡ್ ಎಂಬುದು ಸ್ತ್ರೀಯರ ಸರಾಸರಿ ದೇಹತೂಕ ಹಾಗೂ ಪಾದದ ಅಳತೆಯನ್ನು ಗಮನದಲ್ಲಿರಿಸಿಕೊಂಡು ರೂಪಿಸಲಾದ, ಹಿಮದ ಮೇಲೆ ಜಾರಲು ಬಳಸುವ ಹಲಗೆ. ಸ್ನೋಬೋರ್ಡಿಂಗ್ ಕ್ರೀಡೆಯಲ್ಲಿ ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು, ಪಕ್ಕಕ್ಕೆ ತಿರುಗಿ ನಿಂತು, ಹಿಮದ ಇಳಿಜಾರಿನಲ್ಲಿ ಜಾರಲಾಗುತ್ತದೆ. ಹಲಗೆಯನ್ನು ತಿರುಗಿಸುವುದೂ ನಿಲ್ಲಿಸುವುದೂ ದೇಹದ ಭಾರ ಮತ್ತು ಪಾದಗಳ ಒತ್ತಡದಿಂದಲೇ ಸಾಧ್ಯವಾಗುವುದರಿಂದ, ಸವಾರರ ದೇಹಕ್ಕೆ ಹೊಂದದ ಹಲಗೆ ಕಲಿಕೆಯನ್ನು ಕಠಿಣಗೊಳಿಸುತ್ತದೆ; ಬೀಳುವ ಸಂಭವವನ್ನೂ ಹೆಚ್ಚಿಸುತ್ತದೆ. ಉದ್ದ, ನಡುವಿನ ಅಗಲ, ಬಾಗುವ ಗುಣ, ಪಾರ್ಶ್ವನೋಟ ಮತ್ತು ಆಕಾರ ಇವು ಆಯ್ಕೆಯ ಮುಖ್ಯ ಅಂಶಗಳು.

ಇತಿಹಾಸ

ಆಧುನಿಕ ಸ್ನೋಬೋರ್ಡಿನ ಪೂರ್ವರೂಪವಾದ 'ಸ್ನರ್ಫರ್' ಅನ್ನು ಅಮೆರಿಕದ ಮಿಶಿಗನ್ ರಾಜ್ಯದ ಎಂಜಿನಿಯರ್ ಶೆರ್ಮನ್ ಪಾಪೆನ್ 1965ರಲ್ಲಿ ಎರಡು ಸ್ಕೀಗಳನ್ನು ಜೋಡಿಸಿ ತಯಾರಿಸಿದರು. ಅದು ಅವರು ತಮ್ಮ ಹೆಣ್ಣುಮಕ್ಕಳ ಆಟಕ್ಕಾಗಿ ಮಾಡಿದ್ದು. ಹೀಗೆ ಬಾಲಕಿಯರಿಗಾಗಿ ಹುಟ್ಟಿದ ಹಲಗೆ, 1970 ಮತ್ತು 1980ರ ದಶಕಗಳಲ್ಲಿ ಉದ್ಯಮವಾಗಿ ಬೆಳೆದಾಗ ಬಹುಮಟ್ಟಿಗೆ ಪುರುಷರ ಅಳತೆಗೇ ತಯಾರಾಗತೊಡಗಿತು. ಮಹಿಳೆಯರು ಪುರುಷರ ಅಥವಾ ಮಕ್ಕಳ ಹಲಗೆಗಳಲ್ಲೇ ಹೊಂದಿಕೊಳ್ಳಬೇಕಾಗಿತ್ತು.

1990ರ ದಶಕದಲ್ಲಿ ಅಮೆರಿಕದ ಶಾನನ್ ಡನ್, ಟೀನಾ ಬೇಸಿಚ್ ಮೊದಲಾದ ಕ್ರೀಡಾಪಟುಗಳ ಹೆಸರಿನಲ್ಲಿ ಹಲಗೆಗಳು ಮಾರುಕಟ್ಟೆಗೆ ಬಂದವು. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಪುರುಷರ ಮತ್ತು ಮಹಿಳೆಯರ ಸ್ಪರ್ಧೆಗಳೆರಡೂ ಆಗಲೇ ಆರಂಭಗೊಂಡವು. ಫ್ರಾನ್ಸಿನ ಕರೀನ್ ರೂಬಿ ಜೈಂಟ್ ಸ್ಲಾಲಂನಲ್ಲಿಯೂ ಜರ್ಮನಿಯ ನಿಕೋಲಾ ಥಾಸ್ಟ್ ಹಾಫ್‌ಪೈಪ್‌ನಲ್ಲಿಯೂ ಚಿನ್ನದ ಪದಕ ಗೆದ್ದರು. ಅಮೆರಿಕದ ಕ್ಲೋಯಿ ಕಿಮ್ 2018 ಮತ್ತು 2022ರ ಒಲಿಂಪಿಕ್ಸ್‌ಗಳಲ್ಲಿ ಹಾಫ್‌ಪೈಪ್ ಚಿನ್ನವನ್ನು ತಮ್ಮದಾಗಿಸಿಕೊಂಡರು.

ಪುರುಷರ ಹಲಗೆಗಿಂತ ಇರುವ ವ್ಯತ್ಯಾಸ

ಮಹಿಳೆಯರ ಹಲಗೆಗಳು ಸಾಮಾನ್ಯವಾಗಿ ಪುರುಷರ ಹಲಗೆಗಳಿಗಿಂತ ಗಿಡ್ಡವಾಗಿಯೂ ಕಿರಿದಾಗಿಯೂ ಇರುತ್ತವೆ ಮತ್ತು ಕಡಿಮೆ ಬಲಕ್ಕೆ ಬಾಗುತ್ತವೆ. ಇದಕ್ಕೆ ಕಾರಣ ಸರಳ: 55 ಕಿಲೋಗ್ರಾಂ ತೂಕದ ಸವಾರರು 80 ಕಿಲೋಗ್ರಾಂ ತೂಕದವರಿಗೆಂದು ಮಾಡಿದ ಹಲಗೆಯನ್ನು ಬೇಕಾದಷ್ಟು ಬಾಗಿಸಲಾರರು. ಬಾಗದ ಹಲಗೆ ತಿರುಗುವುದಿಲ್ಲ. ಅಂತೆಯೇ ಚಿಕ್ಕ ಪಾದಕ್ಕೆ ಅಗಲವಾದ ಹಲಗೆ ದೊರೆತರೆ, ಅಂಚಿನ ಮೇಲೆ ಒತ್ತಡ ಹಾಕಲು ಪಾದ ಅಂಚಿನ ಸಮೀಪಕ್ಕೆ ಬರುವುದಿಲ್ಲ. ಒಂದು ಅಂಚಿನಿಂದ ಮತ್ತೊಂದಕ್ಕೆ ಭಾರ ಬದಲಿಸುವುದು ನಿಧಾನವಾಗುತ್ತದೆ.

ಆಯ್ಕೆಯ ಅಂಶಗಳು

ಉದ್ದ

ಹಲಗೆಯನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ತುದಿ ಗಲ್ಲ ಮತ್ತು ಮೂಗಿನ ನಡುವೆ ಬರಬೇಕೆಂಬುದು ಹಳೆಯ ರೂಢಿ. ಇದು ಸ್ಥೂಲ ಅಂದಾಜು ಮಾತ್ರ. ಹಲಗೆಗೆ ತಿಳಿಯುವುದು ಎತ್ತರವಲ್ಲ, ಭಾರ. ಆದ್ದರಿಂದ ದೇಹದ ತೂಕವೇ ಮುಖ್ಯ ಆಧಾರ. ಸಾಮಾನ್ಯ ಬಳಕೆಗೆ ಅಂದಾಜು ಅಳತೆಗಳು ಹೀಗಿವೆ:

• ಸುಮಾರು 50 ಕಿ.ಗ್ರಾಂ. ತೂಕದವರಿಗೆ: 140–145 ಸೆಂ.ಮೀ.
• ಸುಮಾರು 60 ಕಿ.ಗ್ರಾಂ. ತೂಕದವರಿಗೆ: 144–149 ಸೆಂ.ಮೀ.
• ಸುಮಾರು 70 ಕಿ.ಗ್ರಾಂ. ತೂಕದವರಿಗೆ: 149–153 ಸೆಂ.ಮೀ.

ತಯಾರಕರು ಪ್ರತಿ ಮಾದರಿಗೂ ತೂಕದ ಪ್ರತ್ಯೇಕ ಪಟ್ಟಿಯನ್ನು ನೀಡುತ್ತಾರೆ. ಅಂತಿಮ ನಿರ್ಧಾರಕ್ಕೆ ಆ ಪಟ್ಟಿಯನ್ನೇ ಅನುಸರಿಸಬೇಕು. ಕಲಿಯುವವರಿಗೂ ಚಮತ್ಕಾರದ ಜಿಗಿತಗಳನ್ನು ಮಾಡುವವರಿಗೂ ತುಸು ಗಿಡ್ಡ ಹಲಗೆ ಅನುಕೂಲ. ವೇಗವಾಗಿ ಸಾಗುವವರಿಗೆ ಉದ್ದನೆಯ ಹಲಗೆ ಸ್ಥಿರತೆ ನೀಡುತ್ತದೆ. ಆಳವಾದ ಪುಡಿಹಿಮದಲ್ಲಿ ಅದು ಹೂತುಹೋಗದೆ ತೇಲುತ್ತದೆ.

ನಡುವಿನ ಅಗಲ

ಹಲಗೆ ಅತ್ಯಂತ ಕಿರಿದಾಗಿರುವ ಮಧ್ಯಭಾಗವನ್ನು ಅದರ ನಡು ಎನ್ನಲಾಗುತ್ತದೆ. ಮಹಿಳೆಯರ ಬಹುತೇಕ ಹಲಗೆಗಳಲ್ಲಿ ಈ ಅಳತೆ 23ರಿಂದ 25 ಸೆಂಟಿಮೀಟರ್‌ಗಳ ಆಸುಪಾಸಿನಲ್ಲಿರುತ್ತದೆ. ಬೂಟು ತೊಟ್ಟು ನಿಂತಾಗ ಬೆರಳಿನ ಕಡೆಯೂ ಹಿಮ್ಮಡಿಯ ಕಡೆಯೂ ಬೂಟು ಅಂಚಿನಿಂದ ಒಂದೆರಡು ಸೆಂಟಿಮೀಟರ್ ಹೊರಚಾಚಿರುವುದು ಸರಿಯಾದ ಸ್ಥಿತಿ. ಇದಕ್ಕಿಂತ ಹೆಚ್ಚು ಚಾಚಿದರೆ, ತಿರುವಿನಲ್ಲಿ ಹಲಗೆ ವಾಲಿದಾಗ ಬೂಟಿನ ತುದಿ ಹಿಮಕ್ಕೆ ತಾಗಿ ಸವಾರರು ಬೀಳುತ್ತಾರೆ. ದೊಡ್ಡ ಪಾದವುಳ್ಳ ಮಹಿಳೆಯರು ಅಗಲ ಮಾದರಿಗಳನ್ನು, ಅವು ದೊರೆಯದಿದ್ದರೆ ಪುರುಷರ ಹಲಗೆಗಳನ್ನು ಆರಿಸಿಕೊಳ್ಳುವುದುಂಟು.

ಬಾಗುವ ಗುಣ

ತಯಾರಕರು ಇದನ್ನು ಸಾಮಾನ್ಯವಾಗಿ 1ರಿಂದ 10ರವರೆಗಿನ ಅಂಕಗಳಲ್ಲಿ ಸೂಚಿಸುತ್ತಾರೆ. 1 ಅತಿ ಮೃದು, 10 ಅತಿ ಬಿರುಸು. ಎಲ್ಲ ತಯಾರಕರಿಗೂ ಸಮಾನವಾದ ಮಾನದಂಡವಿಲ್ಲದ ಕಾರಣ, ಒಂದು ಸಂಸ್ಥೆಯ 5 ಮತ್ತೊಂದರ 5ಕ್ಕೆ ಸಮನಾಗಬೇಕೆಂದಿಲ್ಲ. ಮೃದುವಾದ ಹಲಗೆ ನಿಧಾನಗತಿಯಲ್ಲಿ ಸುಲಭವಾಗಿ ತಿರುಗುತ್ತದೆ, ತಪ್ಪನ್ನು ಸಹಿಸಿಕೊಳ್ಳುತ್ತದೆ. ಬಿರುಸಾದ ಹಲಗೆ ವೇಗದಲ್ಲಿ ಅದುರುವುದಿಲ್ಲ, ಗಟ್ಟಿಹಿಮದಲ್ಲಿ ಹಿಡಿತ ಕೊಡುತ್ತದೆ. ಆದರೆ ಬಲವನ್ನೂ ಕೌಶಲವನ್ನೂ ಬೇಡುತ್ತದೆ.

ಪಾರ್ಶ್ವನೋಟ

ಹಲಗೆಯನ್ನು ಸಮತಟ್ಟಾದ ನೆಲದ ಮೇಲಿಟ್ಟು ಪಕ್ಕದಿಂದ ನೋಡಿದಾಗ ಕಾಣುವ ಬಾಗು ಇದು.

• ಕ್ಯಾಂಬರ್: ನಡುಭಾಗ ಬಿಲ್ಲಿನಂತೆ ಮೇಲಕ್ಕೆದ್ದಿರುತ್ತದೆ. ಅಂಚಿನ ಹಿಡಿತ ಮತ್ತು ಪುಟಿಯುವ ಶಕ್ತಿ ಹೆಚ್ಚು.
• ರಾಕರ್: ನಡುಭಾಗ ನೆಲಕ್ಕೆ ತಾಗಿ ತುದಿಗಳು ತೊಟ್ಟಿಲ ಅಡಿಯಂತೆ ಮೇಲೇಳುತ್ತವೆ. ಅಂಚು ಹಿಮದಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಪುಡಿಹಿಮದಲ್ಲಿ ಚೆನ್ನಾಗಿ ತೇಲುತ್ತದೆ.
• ಸಮತಟ್ಟು: ಇವೆರಡರ ನಡುವಿನ ಗುಣವುಳ್ಳದ್ದು.
• ಮಿಶ್ರ: ಕ್ಯಾಂಬರ್ ಮತ್ತು ರಾಕರ್‌ಗಳನ್ನು ಬೇರೆ ಬೇರೆ ಭಾಗಗಳಲ್ಲಿ ಸೇರಿಸಿದ ವಿನ್ಯಾಸ. ಎಲ್ಲ ಬಗೆಯ ಬಳಕೆಯ ಹಲವು ಹಲಗೆಗಳು ಈ ವರ್ಗಕ್ಕೆ ಸೇರುತ್ತವೆ.

ಆಕಾರ ಮತ್ತು ತಳ

ಎರಡೂ ತುದಿಗಳು ಒಂದೇ ರೀತಿಯಿರುವ 'ಟ್ವಿನ್' ಹಲಗೆಯಲ್ಲಿ ಮುಂದೆ, ಹಿಂದೆ ಎರಡೂ ಕಡೆಗೆ ಸಮಾನವಾಗಿ ಜಾರಬಹುದು. 'ಡೈರೆಕ್ಷನಲ್' ಹಲಗೆ ಒಂದೇ ದಿಕ್ಕಿಗೆ ಸಾಗಲೆಂದು ರೂಪಿತವಾದುದು. ಪುಡಿಹಿಮಕ್ಕೂ ವೇಗಕ್ಕೂ ಹೆಚ್ಚು ಹೊಂದುತ್ತದೆ. ತಳದಲ್ಲಿ ಎರಡು ಬಗೆಗಳಿವೆ. ಎಕ್ಸ್‌ಟ್ರೂಡೆಡ್ ತಳ ಅಗ್ಗವಾದುದು, ದುರಸ್ತಿಗೆ ಸುಲಭ. ಸಿಂಟರ್ಡ್ ತಳ ಮೇಣವನ್ನು ಹೆಚ್ಚು ಹೀರಿಕೊಂಡು ವೇಗವಾಗಿ ಜಾರುತ್ತದೆ, ಆದರೆ ಕ್ರಮವಾಗಿ ಮೇಣ ಹಾಕುತ್ತಿರಬೇಕು.

ಬೂಟು ಮತ್ತು ಬೈಂಡಿಂಗ್

ಹಲಗೆಗಿಂತ ಮೊದಲು ಬೂಟನ್ನು ಆರಿಸುವುದು ಸೂಕ್ತ ಕ್ರಮ, ಏಕೆಂದರೆ ಹಲಗೆಯ ಅಗಲವೂ ಬೈಂಡಿಂಗಿನ ಅಳತೆಯೂ ಬೂಟನ್ನೇ ಅವಲಂಬಿಸಿವೆ. ಸ್ನೋಬೋರ್ಡ್ ಬೂಟುಗಳ ಮೇಲೆ ಪಾದದ ಉದ್ದವನ್ನು ಸೆಂಟಿಮೀಟರ್‌ಗಳಲ್ಲಿ ಹೇಳುವ 'ಮಾಂಡೊಪಾಯಿಂಟ್' ಅಂಕಿ ಇರುತ್ತದೆ. ಬೂಟು ಬಿಗಿದಾಗ ಹಿಮ್ಮಡಿ ಮೇಲೇಳಬಾರದು. ಮಹಿಳೆಯರ ಬೂಟುಗಳಲ್ಲಿ ಹಿಮ್ಮಡಿಯ ಭಾಗ ಕಿರಿದಾಗಿಯೂ ಮೀನಖಂಡವನ್ನು ಸುತ್ತುವರಿಯುವ ಮೇಲ್ಭಾಗ ತಗ್ಗಾಗಿಯೂ ಇರುವುದು ಸಾಮಾನ್ಯ.

ಪಾದಗಳನ್ನು ಹಲಗೆಗೆ ಬಂಧಿಸುವ ಸಾಧನವೇ ಬೈಂಡಿಂಗ್. ಎಡಗಾಲು ಮುಂದಿದ್ದರೆ ಅದನ್ನು 'ರೆಗ್ಯುಲರ್' ನಿಲುವೆಂದೂ ಬಲಗಾಲು ಮುಂದಿದ್ದರೆ 'ಗೂಫಿ' ನಿಲುವೆಂದೂ ಕರೆಯುತ್ತಾರೆ. ಇವುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂಬುದಿಲ್ಲ.

ಕಲಿಯುವವರ ಆಯ್ಕೆ

ಪತಿಯ ಅಥವಾ ಸಹೋದರನ ಹಳೆಯ ಹಲಗೆಯನ್ನು ಬಳಸುವುದು, 'ಮುಂದೆ ಕಲಿತ ಮೇಲೆ ಉಪಯೋಗಕ್ಕೆ ಬರುತ್ತದೆ' ಎಂದು ಬಿರುಸಾದ ಹಲಗೆಯನ್ನು ಕೊಳ್ಳುವುದು, ಬಣ್ಣವನ್ನು ನೋಡಿ ಆರಿಸುವುದು ಇವು ಸಾಮಾನ್ಯ ತಪ್ಪುಗಳು. ತೂಕಕ್ಕೆ ಮೀರಿದ ಹಲಗೆ ತಿರುಗದಿದ್ದಾಗ ದೋಷ ಹಲಗೆಯದೆಂದು ತಿಳಿಯದೆ, ತಮಗೇ ಈ ಕ್ರೀಡೆ ಒಲಿಯದೆಂದು ಭಾವಿಸಿ ಕಲಿಕೆಯನ್ನು ಕೈಬಿಡುವ ಸಂಭವವಿರುತ್ತದೆ. ಮೊದಲ ಕೆಲವು ದಿನ ಬಾಡಿಗೆಯ ಸಾಮಗ್ರಿಯಲ್ಲಿ ಕಲಿತು, ತನ್ನ ನಿಲುವು ಮತ್ತು ಅಭಿರುಚಿ ತಿಳಿದ ಮೇಲೆ ಕೊಳ್ಳುವುದು ಉಚಿತ. ಬಳಸಿದ ಹಲಗೆಯನ್ನು ಕೊಳ್ಳುವಾಗ ಲೋಹದ ಅಂಚು ಬಿರುಕು ಬಿಟ್ಟಿದೆಯೇ, ಪದರಗಳು ಬಿಟ್ಟುಕೊಂಡಿವೆಯೇ, ತಳದ ಗೀರು ಒಳಗಿನ ಮರದವರೆಗೆ ಇಳಿದಿದೆಯೇ, ತಿರುಪಿನ ರಂಧ್ರಗಳ ಮರೆ ಸವೆದಿದೆಯೇ ಎಂಬುದನ್ನು ಪರೀಕ್ಷಿಸಬೇಕು.

ಹೊಸದಾಗಿ ಕಲಿಯುವವರಲ್ಲಿ ಮಣಿಕಟ್ಟಿನ ಗಾಯಗಳು ಹೆಚ್ಚು, ಏಕೆಂದರೆ ಬೀಳುವಾಗ ಕೈಯೂರುವುದು ಸಹಜ ಪ್ರವೃತ್ತಿ. ಹಲಗೆ ಎಷ್ಟೇ ಹೊಂದಿಕೆಯಾಗಿದ್ದರೂ ಶಿರಸ್ತ್ರಾಣ ಮತ್ತು ಮಣಿಕಟ್ಟಿನ ರಕ್ಷಾಕವಚ ಅವಶ್ಯ.

ಪ್ರತ್ಯೇಕ ವಿನ್ಯಾಸದ ಕುರಿತ ಚರ್ಚೆ

ಪುರುಷರ ಹಲಗೆಯನ್ನೇ ಕುಗ್ಗಿಸಿ, ಗುಲಾಬಿ ಬಣ್ಣ ಬಳಿದು, 'ಮಹಿಳೆಯರದು' ಎಂದು ಮಾರುವ ಪದ್ಧತಿ ಟೀಕೆಗೆ ಗುರಿಯಾಗಿದೆ. ಹಲಗೆಗೆ ಬೇಕಾದುದು ತೂಕ ಮತ್ತು ಪಾದದ ಅಳತೆಯೇ ಹೊರತು ಲಿಂಗವಲ್ಲ ಎಂಬುದು ಒಂದು ವಾದ. ಕೆಲವು ತಯಾರಕರು ಲಿಂಗಸೂಚನೆಯಿಲ್ಲದ ಹಲಗೆಗಳನ್ನೂ ಮಾಡುತ್ತಾರೆ. ಪ್ರತ್ಯೇಕ ಮಾದರಿಗಳಿಲ್ಲದಿದ್ದಲ್ಲಿ ಹಗುರ ದೇಹದವರಿಗೆ ಉತ್ತಮ ಗುಣಮಟ್ಟದ ಹಲಗೆಗಳೇ ಸಿಗುತ್ತಿರಲಿಲ್ಲ ಎಂಬುದು ಮತ್ತೊಂದು. ಎತ್ತರದ, ಹೆಚ್ಚು ತೂಕದ ಮಹಿಳೆಯರಿಗೆ ಪುರುಷರ ಹಲಗೆಯೂ, ಹಗುರ ದೇಹದ ಪುರುಷರಿಗೆ ಮಹಿಳೆಯರ ಹಲಗೆಯೂ ಹೊಂದಬಹುದು.

ಭಾರತದಲ್ಲಿ

ಜಮ್ಮು ಮತ್ತು ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಮತ್ತು ಹಿಮಾಚಲ ಪ್ರದೇಶದ ಸೋಲಂಗ್ ಕಣಿವೆ ಈ ಕ್ರೀಡೆಯ ಪ್ರಮುಖ ತಾಣಗಳು. 2020ರಲ್ಲಿ ಆರಂಭವಾದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ನೋಬೋರ್ಡಿಂಗ್ ಸ್ಪರ್ಧೆಗಳೂ ಸೇರಿವೆ. ಗುಲ್ಮಾರ್ಗ್‌ನ ಅಫರ್ವಾತ್ ಶಿಖರದ ಇಳಿಜಾರುಗಳು ಆಳವಾದ ಪುಡಿಹಿಮಕ್ಕೆ ಹೆಸರಾಗಿದ್ದು, ಅಲ್ಲಿ ಜಾರುವ ಅನುಭವಿಗಳಿಗೆ ತುಸು ಉದ್ದವಾದ, ಮುಂತುದಿ ರಾಕರ್ ಆಗಿರುವ ಡೈರೆಕ್ಷನಲ್ ಹಲಗೆ ಒಗ್ಗುತ್ತದೆ. ಕೆಳಗಿನ ಸೌಮ್ಯ ಇಳಿಜಾರುಗಳಲ್ಲಿ ಕಲಿಯುವವರಿಗೆ ಗಿಡ್ಡವಾದ ಮೃದು ಹಲಗೆಯೇ ಸೂಕ್ತ.

ಇವನ್ನೂ ನೋಡಿ

• ಸ್ಕೀಯಿಂಗ್
• ಚಳಿಗಾಲದ ಒಲಿಂಪಿಕ್ಸ್
• ಗುಲ್ಮಾರ್ಗ್