ಮಿರ್ಚಿ ಕರಿದ ಎಣ್ಣೆ ಕೊನೆಗೆ ಹೋಗೋದು ಎಲ್ಲಿಗೆ?

ಆಗಸ್ಟ್ 10ರ ಬೆಳಗ್ಗೆ ನ್ಯೂಸ್ ರೂಮಿಗೆ ಕಾಲಿಟ್ಟಾಗ ಪರದೆಯ ಕೆಳಗೆ ಒಂದು ಸಾಲು ಓಡ್ತಾ ಇತ್ತು: ‘ಇಂದು ವಿಶ್ವ ಜೈವಿಕ ಇಂಧನ ದಿನ’. ಅದರ ಹಿಂದೆ ರಾಜಕೀಯದವರ ಜಗಳ, ಮುಂದೆ ಚಿನ್ನದ ದರ. ಯಾರೂ ಓದಿರಲಿಕ್ಕಿಲ್ಲ. ನನಗೆ ಮಾತ್ರ ಮಿರ್ಚಿ ಕರಿದ ಎಣ್ಣೆಯ ವಾಸನೆ ಮೂಗಿಗೆ ಬಡಿದ ಹಾಗಾಯ್ತು. ಯಾಕೆ ಅಂತ ಹೇಳ್ತೀನಿ. ಮೊದಲು ಈ ದಿನದ ಬಗ್ಗೆ ನಾವು ಟೀವಿಯವರೇ ಹಬ್ಬಿಸಿದ ಒಂದು ತಪ್ಪನ್ನು ತಿದ್ದಬೇಕು.

1893ರ ಆಗಸ್ಟ್ 10ರಂದು ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿದ ಅಂತ ಪ್ರತಿವರ್ಷ ಓದ್ತೀವಿ. ಹಾಗಲ್ಲ. ಎಂಜಿನ್ ಪರೀಕ್ಷೆ ಆಗಿದ್ದು ನಿಜ. ಶೇಂಗಾ ಎಣ್ಣೆ ಬಂದಿದ್ದು 1900ರಲ್ಲಿ, ಪ್ಯಾರಿಸ್ ಜಾಗತಿಕ ಮೇಳದಲ್ಲಿ. ಅಲ್ಲಿ ಆಟೋ ಕಂಪನಿಯವರು ಒಂದು ಸಣ್ಣ ಡೀಸೆಲ್ ಎಂಜಿನ್ನಿಗೆ ಶೇಂಗಾ ಎಣ್ಣೆ ಹಾಕಿ ಓಡಿಸಿದರು. ಎಷ್ಟು ಸರಾಗವಾಗಿ ಓಡಿತಂದ್ರೆ ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ ಅಂತ ಡೀಸೆಲ್ಲೇ 1912ರಲ್ಲಿ ಹೇಳಿಕೊಂಡ. ಹಾಗೆ ಓಡಿಸಿ ತೋರಿಸಿ ಅಂತ ಕೇಳಿದ್ದು ಫ್ರೆಂಚ್ ಸರ್ಕಾರ. ಅವರ ಆಫ್ರಿಕಾದ ವಸಾಹತುಗಳಲ್ಲಿ ಶೇಂಗಾ ಯಥೇಚ್ಛ ಬೆಳೀತಿತ್ತು, ಕಲ್ಲಿದ್ದಲು ಪೆಟ್ರೋಲಿಯಂ ಹೊರಗಿಂದ ತರಬೇಕಿತ್ತು. ಅಲ್ಲಿಗೆ ಮೊದಲ ದಿನದಿಂದಲೂ ಇದು ಪರಿಸರದ ಕಥೆಯಲ್ಲ, ದುಡ್ಡಿನ ಕಥೆ.

ನಮ್ಮ ಕಡೆ ಎಣ್ಣೆಯಿಂದ ಬೆಂಕಿ ಹಚ್ಚೋದು ಹೊಸದೇನಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಾಲದ ಕನ್ನಡ ಶಾಸನಗಳನ್ನು ತೆಗೆದು ನೋಡಿ. ನಂದಾದೀಪಕ್ಕೆ ತೆಲ್ಲಿಗರು ಗಾಣಕ್ಕಿಷ್ಟು ಎಣ್ಣೆ ಬಿಡಬೇಕು ಅನ್ನೋ ದತ್ತಿ ಮತ್ತೆ ಮತ್ತೆ ಸಿಗುತ್ತೆ. ಬಡವರ ಮನೆಯ ದೀಪಕ್ಕೆ ಹೊಂಗೆ ಎಣ್ಣೆ. ನಮ್ಮಲ್ಲಿ ಹುಲಗಲ ಅಂತಾರಲ್ಲ, ಅದೇ ಮರ. ತಿನ್ನೋಕೆ ಬರೋದಿಲ್ಲ, ಕಹಿ. ಸೊಪ್ಪು ಗದ್ದೆಗೆ, ಹಿಂಡಿ ಗೊಬ್ಬರಕ್ಕೆ, ಎಣ್ಣೆ ಹಣತೆಗೆ. ಸೀಮೆಎಣ್ಣೆ ಬಂತು, ಹಣತೆ ಮೂಲೆ ಸೇರಿತು.

ಆ ಹಣತೆ ಎಣ್ಣೆಯನ್ನು ಎಂಜಿನ್ನಿಗೆ ತಂದವರಲ್ಲಿ ಮುಖ್ಯರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ. ಮೆಕ್ಯಾನಿಕಲ್ ವಿಭಾಗದವರು. 1990ರ ದಶಕದ ಕೊನೆಗೆ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ, ಆ ಕರೆಂಟಿನಿಂದ ನೀರೆತ್ತಿ, ಬರದ ಹೊಲಕ್ಕೆ ಹರಿಸಿ ತೋರಿಸಿದರು. ನಮಗೆ ಹತ್ತಿರದ ದಾಂಡೇಲಿಯಲ್ಲಿ ಒಂದು ಫೆರೋ ಅಲಾಯ್ ಕಾರ್ಖಾನೆಯೂ ತನ್ನ ದೊಡ್ಡ ಡೀಸೆಲ್ ಎಂಜಿನ್ನುಗಳನ್ನು ಹೊಂಗೆ ಎಣ್ಣೆಗೆ ಹೊಂದಿಸಿಕೊಂಡಿತು. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿಯನ್ನೇ ತಂತು. ‘ಬರಡು ಬಂಗಾರ’, ‘ಹಸಿರು ಹೊನ್ನು’ ಅಂತ ಯೋಜನೆಗಳ ಹೆಸರುಗಳೂ ಚೆನ್ನಾಗಿದ್ದವು. ಅದೇ ವರ್ಷ ಕೇಂದ್ರವೂ ಒಂದು ನೀತಿ ಮಾಡಿ 2017ಕ್ಕೆ ಶೇ. 20 ಮಿಶ್ರಣದ ಗುರಿ ಇಟ್ಟಿತು. ಬಯೋಡೀಸೆಲ್ ಮಟ್ಟಿಗೆ ಅದು ಕಾಗದದಲ್ಲೇ ಉಳಿಯಿತು.

ಯಾಕೆ ಉಳಿಯಿತು? ವಿಜ್ಞಾನ ಸೋತಿದ್ದಲ್ಲ. ಹೊಂಗೆ ಬೀಜ ಆರಿಸೋಕೆ ಆಳಿಗೆ ಕೊಡೋ ಕೂಲಿ ಎಣ್ಣೆಯ ಬೆಲೆಯನ್ನು ಮೇಲೇರಿಸ್ತು. ಇನ್ನೊಂದು ಕಾರಣ ಯಾರೂ ಹೇಳೋದಿಲ್ಲ. 2008ರಿಂದ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ. ಪುಕ್ಕಟೆ ಕರೆಂಟ್ ಇರೋವಾಗ ಹಿರೇಕೆರೂರಿನ ಗೋವಿನಜೋಳದ ರೈತ ಹೊಂಗೆ ಎಣ್ಣೆ ಸೋಸಿ ಎಂಜಿನ್ನಿಗೆ ಹಾಕ್ತಾನಾ? ರೈತನ ತಪ್ಪಲ್ಲ ಬಿಡಿ. ಕರೆಂಟ್ ರಾತ್ರಿ ಎರಡಕ್ಕೆ ಬರುತ್ತೆ ಅನ್ನೋದು ಬೇರೆ ವಿಷಯ.

ಈಗ ಮಿರ್ಚಿ ವಾಸನೆಗೆ ಬರ್ತೀನಿ. ನಾನು ಮೆಕ್ಯಾನಿಕಲ್ ಓದಿದವನು. ಆಗ ರಾಜ್ಯದ ಯಾವ ಎಂಜಿನಿಯರಿಂಗ್ ಕಾಲೇಜಿಗೆ ಹೋದರೂ ಕೊನೇ ವರ್ಷದ ಪ್ರಾಜೆಕ್ಟುಗಳಲ್ಲಿ ಒಂದಾದರೂ ಹೊಂಗೆ ಬಯೋಡೀಸೆಲ್ ಇರ್ತಿತ್ತು. ನಾವು ನಾಲ್ಕು ಜನ ಬೇರೆ ಮಾಡೋಣ ಅಂತ ಕರಿದ ಎಣ್ಣೆ ಹಿಡಿದ್ವಿ. ಕ್ಯಾನ್ ತಗೊಂಡು ಶಿಗ್ಗಾವಿಯ ಹೆದ್ದಾರಿ ಢಾಬಾಗಳಲ್ಲಿ ಕೇಳಿದ್ವಿ, ಅನುಮಾನದಿಂದ ನೋಡಿ ಕಳಿಸಿದರು. ಖಾರಕ್ಕೆ ಹೆಸರಾದ ಊರಲ್ಲಿ ಎಣ್ಣೆ ಸಿಗದೇ ಇರುತ್ತಾ ಅಂತ ಸವಣೂರಿಗೆ ಹೋದ್ವಿ. ಒಬ್ಬ ಮಿರ್ಚಿ ಬಂಡಿಯವರು ಕೇಳಿದರು, “ತಮ್ಮಾ, ಈ ಕರಿ ಎಣ್ಣಿ ಒಯ್ದು ಏನ್ ಮಾಡ್ತೀರಿ?”

“ಡೀಸೆಲ್ ಮಾಡ್ತೀವ್ರಿ ಕಾಕಾ.”

ಅವರು ನಕ್ಕು ಐದು ಲೀಟರ್ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ಮಾಡೋ ಕ್ರಮ ಕೇಳೋಕೆ ಸುಲಭ. ಎಣ್ಣೆ ಸೋಸಿ, 100 ಡಿಗ್ರಿ ದಾಟಿಸಿ ನೀರಿನಂಶ ಓಡಿಸಬೇಕು. 55-60 ಡಿಗ್ರಿಗೆ ಇಳಿಸಿ, ಲೀಟರಿಗೆ ಸುಮಾರು 200 ಎಂಎಲ್ ಮೆಥನಾಲ್, ಅದರಲ್ಲಿ ಕರಗಿಸಿದ ಕೆಲವೇ ಗ್ರಾಂ ಕಾಸ್ಟಿಕ್ ಸೋಡಾ ಸೇರಿಸಿ ಕಲಕಬೇಕು. ರಾತ್ರಿಯಿಡೀ ಬಿಟ್ಟರೆ ಕಂದು ಬಣ್ಣದ ಗ್ಲಿಸರಿನ್ ಕೆಳಗೆ, ಬಯೋಡೀಸೆಲ್ ಮೇಲೆ. ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಅದನ್ನು ತೆಳುವಾಗಿಸೋಕೆ ಇಷ್ಟೆಲ್ಲ ಕಸರತ್ತು.

ನಮ್ಮ ಮೊದಲ ಬ್ಯಾಚ್ ಸೋಪಾಯ್ತು. ಸುಮ್ಮನೆ ಹೇಳ್ತಿಲ್ಲ, ನಿಜವಾಗ್ಲೂ ಸೋಪು! ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಆಮ್ಲದ ಅಂಶ ಜಾಸ್ತಿ. ಅದನ್ನು ಅಳೆಯದೆ ಪುಸ್ತಕದ ಲೆಕ್ಕಕ್ಕೆ ಕಾಸ್ಟಿಕ್ ಹಾಕಿದ್ವಿ, ನೀರೂ ಪೂರ್ತಿ ಹೋಗಿರಲಿಲ್ಲ. ಎರಡನೇ ಸಲ ಅಳೆದು ಹಾಕಿದ್ವಿ. ಲ್ಯಾಬಿನ ಸಿಂಗಲ್ ಸಿಲಿಂಡರ್ ಎಂಜಿನ್ ಓಡಿತು. ಹೊಗೆ ಮೂಸಿದರೆ ಮಿರ್ಚಿ ಬಂಡಿ ಪಕ್ಕದಲ್ಲಿ ನಿಂತ ಹಾಗೇ.

ಇದನ್ನು ಓದಿ ಯಾರೂ ಅಡುಗೆಮನೆಯಲ್ಲಿ ಶುರು ಮಾಡಬೇಡಿ. ಮೆಥನಾಲ್ ಅಂದರೆ ವಿಷ. ಬೇಗ ಹೊತ್ತಿಕೊಳ್ಳುತ್ತೆ, ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತೆ, ಜೀವ ಹೋಗುತ್ತೆ. 1981ರಲ್ಲಿ ಬೆಂಗಳೂರಿನ ಕಳ್ಳಬಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತಿದ್ದು ಇದರಿಂದಲೇ. ಲ್ಯಾಬಿನಲ್ಲಿ ಕೈಗವಸು, ಕನ್ನಡಕ ಹಾಕ್ಕೊಂಡ ನಾವೇ ಹೆದರಿಕೊಂಡು ಮಾಡಿದ್ವಿ.

ಇಷ್ಟು ಕಷ್ಟಪಟ್ಟು ಕರಿದ ಎಣ್ಣೆಯನ್ನು ಎಂಜಿನ್ನಿಗೆ ಯಾಕೆ ಹಾಕಬೇಕು? ಎಂಜಿನ್ನಿಗೆ ಹೋಗದಿದ್ದರೆ ಅದು ಹೊಟ್ಟೆಗೆ ಹೋಗುತ್ತೆ, ಅದಕ್ಕೆ. ಎಣ್ಣೆ ಕಾದಷ್ಟೂ ಅದರಲ್ಲಿ ಕೆಟ್ಟ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ. 25 ದಾಟಿದ ಎಣ್ಣೆಯಲ್ಲಿ ಕರಿಯಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಇದೆ. ಅದೇ ಆಗಸ್ಟ್‌ನಲ್ಲಿ ಕರಿದ ಎಣ್ಣೆ ಸಂಗ್ರಹಿಸಿ ಬಯೋಡೀಸೆಲ್ ಮಾಡೋ ‘ರುಕೋ’ ಯೋಜನೆ ಬಂತು. ಮರುವರ್ಷ ತೈಲ ಕಂಪನಿಗಳು ಅಂಥ ಬಯೋಡೀಸೆಲ್ಲಿಗೆ ಮೊದಲ ವರ್ಷ ಲೀಟರಿಗೆ 51 ರೂಪಾಯಿ ಕೊಡ್ತೀವಿ ಅಂದವು. ಒಳ್ಳೇ ಯೋಜನೆ, ಅನುಮಾನವೇ ಇಲ್ಲ.

ಆದರೆ ಲೆಕ್ಕ ಇಟ್ಟು, ಹಳೇ ಎಣ್ಣೆಯನ್ನು ಅಧಿಕೃತರಿಗೇ ಒಪ್ಪಿಸಬೇಕಾದವರು ಯಾರು ಗೊತ್ತಾ? ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸೋರು. ಅಂದರೆ ದೊಡ್ಡ ಹೋಟೆಲ್, ಚಿಪ್ಸ್ ಫ್ಯಾಕ್ಟರಿ. ದಿನಕ್ಕೆ ಐದಾರು ಲೀಟರ್ ಕಾಯಿಸೋ ಬಂಡಿಯವರ ಹತ್ತಿರ ಲೆಕ್ಕ ಕೇಳೋಕೆ ಯಾರೂ ಬರೋದಿಲ್ಲ, ಎಣ್ಣೆ ಕೊಳ್ಳೋಕೂ ಬರೋದಿಲ್ಲ. ನಾಲ್ಕು ಬಂಡಿ ಸುತ್ತಿ ಹತ್ತು ಲೀಟರ್ ತರೋಕೆ ಹುಬ್ಬಳ್ಳಿಯಿಂದ ಟೆಂಪೋ ಬಂದರೆ ಅದರ ಡೀಸೆಲ್ ಖರ್ಚೇ ಹುಟ್ಟೋದಿಲ್ಲ. ತಾಲ್ಲೂಕಿಗೊಂದು ಡ್ರಮ್ ಇಟ್ಟು, ತಂದುಕೊಟ್ಟವರಿಗೆ ಕೈಯಲ್ಲಿ ದುಡ್ಡು ಕೊಡಬಹುದಲ್ವಾ? ಎಣ್ಣೆ ಚೆಲ್ಲಿದರೆ ನಷ್ಟ ಬಂಡಿಯವನಿಗೆ. ಆ ನಷ್ಟವನ್ನು ತುಂಬಿಕೊಡದೆ ಬರೀ ನಿಯಮ ಓದಿದರೆ ಆತ ಕೇಳ್ತಾನಾ?

ಹೋದ ಸಲ ಊರ ಕಡೆ ಹೋದಾಗ ಅದೇ ಬಂಡಿಗೆ ಹೋಗಿದ್ದೆ. ಈಗ ಕಾಕಾ ಕೂತಿರ್ತಾರೆ, ಮಗ ಕರೀತಾನೆ. ನನ್ನನ್ನು ಟೀವಿಯಲ್ಲಿ ನೋಡಿದ್ದಾರಂತೆ, ಡೀಸೆಲ್ ಹುಡುಗ ಅನ್ನೋದು ನೆನಪಿರಲಿಲ್ಲ. ಬಂಡಿ ಕೆಳಗೆ ಕರಿ ಎಣ್ಣೆಯ ಡಬ್ಬಿ ಇತ್ತು.

“ಇದನ್ನ ಏನ್ ಮಾಡ್ತೀರಿ ಕಾಕಾ?”

“ಒಯ್ತಾರಪಾ. ಹಳ್ಳಿ ಸಂತ್ಯಾಗ ಭಜಿ ಮಾಡ್ತಾರಲ್ಲ, ಅವರು. ಹೊಸಾ ಎಣ್ಣಿ ಅವರಿಗೆಲ್ಲಿ ಹೊಂದತೈತಿ?”