ಕಳೆದುಹೋಗದ ಊರಿಗೆ ಒಂದು ದಿನದ ದಾರಿ

ಪೆರು ದೇಶದ ಮಾಚು ಪಿಚ್ಚುವಿನ ಹೆಸರು ಬಂದಲ್ಲೆಲ್ಲಾ ಅದರ ಹಿಂದೆಯೇ ಒಂದು ಬಿರುದೂ ಬರುತ್ತದೆ: ಕಳೆದುಹೋದ ನಗರ. ಪ್ರವಾಸಿ ಕಂಪೆನಿಗಳ ಜಾಹೀರಾತಿನಲ್ಲಿ, ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ, ಟಿ.ವಿ. ಚಾನೆಲುಗಳಲ್ಲಿ ಈ ಮಾತು ತಪ್ಪುವುದಿಲ್ಲ. 1911ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಉಪನ್ಯಾಸಕ ಹಿರಾಮ್ ಬಿಂಗ್‌ಹ್ಯಾಮ್ ಅದನ್ನು 'ಕಂಡುಹಿಡಿದರು' ಎಂಬುದು ಜೊತೆಗೇ ಬರುವ ಎರಡನೆಯ ವಾಕ್ಯ. ಅದು ಯಾರ ಕೈಯಿಂದ ಕಳೆದುಹೋಗಿತ್ತು, ಯಾರಿಗೆ ಸಿಕ್ಕಿತು ಎಂದು ಕೇಳುವವರು ಕಡಿಮೆ.

ಮಾಚು ಪಿಚ್ಚುವಿಗೆ ಹೋಗುವ ಹೆಚ್ಚಿನವರು ರೈಲಿನಲ್ಲಿ ಬುಡದ ಪೇಟೆಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟವೇರಿ, ಕೆಲವು ಗಂಟೆ ಫೋಟೋ ತೆಗೆದು ಹಿಂದಿರುಗುತ್ತಾರೆ. ಗಟ್ಟಿ ಕಾಲಿನವರು ನಾಲ್ಕು ದಿನ ನಡೆಯುತ್ತಾರೆ. ಆ ದಾರಿ ಸುಮಾರು 42 ಕಿ.ಮೀ., ನಡುವೆ 4,215 ಮೀಟರ್ ಎತ್ತರದ ಒಂದು ಘಾಟಿಯನ್ನು ದಾಟಬೇಕು. ನಾವು ಆರಿಸಿಕೊಂಡದ್ದು ಇವೆರಡರ ನಡುವಿನದು, ಒಂದೇ ದಿನದ ದಾರಿ. ಒಯಾಂತಾಯ್‌ತಾಂಬೋ ಎಂಬಲ್ಲಿ ಹತ್ತಿದ ರೈಲು 104ನೇ ಕಿಲೋಮೀಟರಿನ ಕಲ್ಲಿನ ಬಳಿ ಒಂದು ನಿಮಿಷ ನಿಲ್ಲುತ್ತದೆ. ಅಲ್ಲಿ ಸ್ಟೇಷನ್ ಎನ್ನುವಂಥದ್ದೇನೂ ಇಲ್ಲ. ಇಳಿದು, ಉರುಬಾಂಬ ನದಿಯ ಮೇಲಿನ ಕಾಲುಸೇತುವೆ ದಾಟಿದರೆ ಕಾವಲುಗಾರರು ಪರವಾನಗಿ ಮತ್ತು ಪಾಸ್‌ಪೋರ್ಟ್ ನೋಡುತ್ತಾರೆ. ಗೈಡ್ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ಮಳೆಯ ಕಾರಣಕ್ಕೂ ದುರಸ್ತಿಗೂ ಇಡೀ ದಾರಿ ಮುಚ್ಚಿರುತ್ತದೆ.

ನಮ್ಮ ಗೈಡ್ ಕುಸ್ಕೋ ಸಮೀಪದ ಹಳ್ಳಿಯೊಂದರ ಹೆಣ್ಣುಮಗಳು. ಮನೆಮಾತು ಕೆಚುವಾ, ಶಾಲೆಯಲ್ಲಿ ಸ್ಪ್ಯಾನಿಷ್, ಹೊಟ್ಟೆಪಾಡಿಗೆ ಇಂಗ್ಲಿಷ್. ಆಕೆಯ ತಂದೆ ಇದೇ ಬೆಟ್ಟಗಳಲ್ಲಿ ನಾಲ್ಕು ದಿನದ ದಾರಿಯ ಪ್ರವಾಸಿಗರ ಡೇರೆ, ಅಡುಗೆ ಸಾಮಾನು ಹೊತ್ತವರು. ಹೊರೆಯಾಳು ಹೊರುವ ಭಾರ 20 ಕಿಲೋ ಮೀರಬಾರದೆಂದು ಪೆರು ಕಾನೂನು ಮಾಡಿದ್ದು 2001ರಲ್ಲಿ. ತಂದೆ ಹೊರುತ್ತಿದ್ದ ಕಾಲಕ್ಕೆ ತಕ್ಕಡಿ ಇರಲಿಲ್ಲ ಎಂದಷ್ಟೇ ಹೇಳಿ ಆಕೆ ಮುಂದೆ ನಡೆದರು.

ಹೊಳೆ ದಾಟಿದ ಕೂಡಲೇ ಸಿಗುವುದು ಚಾಚಾಬಾಂಬ. ಮರಗಳ ನಡುವಿನ ಸಣ್ಣ ಅವಶೇಷ. ಕಲ್ಲಿನ ಕಾಲುವೆಯಲ್ಲಿ ಬಂದ ನೀರು ಸಾಲು ತೊಟ್ಟಿಗಳಿಗೆ ಬೀಳುವಂತೆ ಕಟ್ಟಿದ್ದಾರೆ. ಸ್ನಾನಕ್ಕಿಂತ ವಿಧಿಗಾಗಿ ಕಟ್ಟಿದ ನೀರು ಅದು ಎನ್ನುತ್ತಾರೆ ತಿಳಿದವರು. ಈ ಜಾಗ ಒಂಟಿಯಲ್ಲ. ಇಂಕಾಗಳ ರಸ್ತೆಜಾಲದ ಒಂದು ಗಂಟು ಇದು. ಆ ಜಾಲವನ್ನು ಕೆಚುವಾದಲ್ಲಿ ಖಾಪಾಕ್ ನ್ಯಾನ್, ಅಂದರೆ ರಾಜಮಾರ್ಗ ಎನ್ನುತ್ತಾರೆ. ಇಂದಿನ ಕೊಲಂಬಿಯಾ, ಎಕ್ವಡಾರ್, ಪೆರು, ಬೊಲಿವಿಯಾ, ಚಿಲಿ, ಅರ್ಜೆಂಟೀನಾ ಈ ಆರು ದೇಶಗಳಲ್ಲಿ ಹರಡಿರುವ ಅದರ ಒಟ್ಟು ಉದ್ದ ಸುಮಾರು 30,000 ಕಿ.ಮೀ. 2014ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಕಾಗಳಲ್ಲಿ ಬಂಡಿಯಿರಲಿಲ್ಲ, ಕುದುರೆಯಿರಲಿಲ್ಲ. ಲಾಮಾ ಎಂಬ ಪ್ರಾಣಿ ಹೊರುವುದು ಅಲ್ಪ ಭಾರ. ಹಾಗಾಗಿ ಈ ರಸ್ತೆಗಳೆಲ್ಲ ಮನುಷ್ಯನ ಕಾಲಿಗೆಂದೇ ಮಾಡಿದವು. ಕಡಿದಾದ ಕಡೆ ಸುತ್ತುಹಾಕದೆ ನೇರ ಮೆಟ್ಟಿಲು. 'ಚಾಸ್ಕಿ' ಎಂಬ ಓಟಗಾರರು ಒಬ್ಬರಿಂದೊಬ್ಬರಿಗೆ ಸುದ್ದಿ ದಾಟಿಸುತ್ತಾ ಓಡುತ್ತಿದ್ದರು. ಅವರ ಕೈಯಲ್ಲಿ ಓಲೆ ಇರುತ್ತಿರಲಿಲ್ಲ. ಲಿಪಿಯಿಲ್ಲದ ಆ ಸಾಮ್ರಾಜ್ಯ ತನ್ನ ಲೆಕ್ಕಪತ್ರವನ್ನು 'ಕೀಪು' ಎಂಬ ಗಂಟು ಹಾಕಿದ ದಾರಗಳಲ್ಲಿ ಇಡುತ್ತಿತ್ತು.

ಇಷ್ಟನ್ನೂ ಕಟ್ಟಿದವರು ಯಾರು? ಇಂಕಾ ದೊರೆ ಪಚಾಕುತಿ ಎಂದು ಫಲಕಗಳು ಹೇಳುತ್ತವೆ. ನಿಜವಾಗಿ ಕಟ್ಟಿದ್ದು 'ಮಿತಾ'. ಕೆಚುವಾದಲ್ಲಿ ಹಾಗೆಂದರೆ ಸರದಿ. ಪ್ರತಿಯೊಂದು ಸಮುದಾಯವೂ ಸರದಿಯಂತೆ ತನ್ನ ಆಳುಗಳನ್ನು ರಾಜ್ಯದ ಕೆಲಸಕ್ಕೆ ಕಳಿಸಬೇಕು. ರಸ್ತೆ, ಸೇತುವೆ, ಸೈನ್ಯ, ಹೊಲ ಎಲ್ಲವೂ ಇದರಿಂದಲೇ ನಡೆಯುತ್ತಿತ್ತು. ಕೂಲಿಯಿಲ್ಲ, ಆದರೆ ಕೆಲಸದ ದಿನಗಳಲ್ಲಿ ರಾಜ್ಯವೇ ಊಟ ಮತ್ತು ಜೋಳದ ಮದ್ಯ ಕೊಡಬೇಕು, ಬರಗಾಲಕ್ಕೆ ಉಗ್ರಾಣ ತುಂಬಿಡಬೇಕು ಎಂಬ ಕಟ್ಟಳೆಯಿತ್ತು. ಇದನ್ನು ಆದರ್ಶ ಸಮಾನತೆಯ ರಾಜ್ಯವೆಂದು ಹೊಗಳಿ ಬರೆದವರುಂಟು. ನಮಗೆ ಹಾಗನಿಸುವುದಿಲ್ಲ. ದಂಗೆಯೆದ್ದ ಜನಾಂಗಗಳನ್ನು ಬುಡಸಮೇತ ಕಿತ್ತು ನೂರಾರು ಮೈಲಿ ದೂರ ನೆಲೆಗೊಳಿಸಿದ ರಾಜ್ಯವೂ ಇದೇ. ಆದರೂ ಆ ಊಟದ ಕಟ್ಟಳೆಯನ್ನು ಮರೆಯಬಾರದು. ಮುಂದೆ ಬಂದವರು ಮಿತಾವನ್ನು ಉಳಿಸಿಕೊಂಡು ಕಟ್ಟಳೆಯನ್ನು ಮಾತ್ರ ಕೈಬಿಟ್ಟರು.

ಚಾಚಾಬಾಂಬದಿಂದ ಮೂರು ನಾಲ್ಕು ಗಂಟೆ ಬರೇ ಏರು. ಬೆಳಗಿನ ಬಿಸಿಲಿಗೆ ನೆರಳಿಲ್ಲ. ಕೆಳಗೆ ಹೊಳೆ ದಾರದಂತೆ ಸಣ್ಣದಾಗುತ್ತಾ ಹೋಗುತ್ತದೆ. ಸುಮಾರು 2,650 ಮೀಟರ್ ಎತ್ತರದಲ್ಲಿ, ಒಂದು ಜಲಪಾತ ದಾಟಿದ ಬಳಿಕ, ಇಡೀ ಗುಡ್ಡವೇ ಮೆಟ್ಟಿಲಾಗಿ ನಿಂತಂತೆ ವಿನ್ಯಾಯ್ ವಾಯ್ನಾ ಕಾಣಿಸುತ್ತದೆ. ಬಾಗಿದ ಗದ್ದೆಗಳ ಸಾಲು, ನಡುವೆ ಒಂದರ ಕೆಳಗೊಂದು ನೀರಿನ ತೊಟ್ಟಿ, ಮೇಲೆ ಮತ್ತು ಕೆಳಗೆ ಮನೆಗಳ ಗುಂಪು. ಹೆಸರಿನ ಅರ್ಥ 'ಎಂದೂ ಯೌವನ'. ಅಲ್ಲಿ ಅರಳುವ ಒಂದು ಆರ್ಕಿಡ್ ಹೂವಿನ ಹೆಸರನ್ನೇ 1940ರ ದಶಕದಲ್ಲಿ ಈ ಅವಶೇಷಕ್ಕೆ ಇಟ್ಟರು. ಇಲ್ಲಿ ಬಾಳಿದವರು ಇದನ್ನು ಏನೆಂದು ಕರೆಯುತ್ತಿದ್ದರೋ, ಆ ಹೆಸರು ಉಳಿದಿಲ್ಲ.

ಗದ್ದೆಯ ಅಂಚಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಬೇಯಿಸಿದ ಆಲೂಗಡ್ಡೆ, ಚೀಸ್, ಜೋಳ. ಆಲೂಗಡ್ಡೆಯನ್ನು ಮನುಷ್ಯ ಮೊದಲು ಒಗ್ಗಿಸಿಕೊಂಡದ್ದು ಇದೇ ಆಂಡಿಸ್ ಬೆಟ್ಟಗಳಲ್ಲಿ, ಹಲವು ಸಾವಿರ ವರ್ಷಗಳ ಹಿಂದೆ. ನಮ್ಮ ಊರಿನ ಮಸಾಲೆ ದೋಸೆಯ ಹೊಟ್ಟೆಯೊಳಗಿನ ಪಲ್ಯ ಇಲ್ಲಿನ ಹೆಸರಿಲ್ಲದ ರೈತರ ದುಡಿಮೆ ಎಂದು ನಮ್ಮಲ್ಲೊಬ್ಬರು ಹೇಳಿದಾಗ ಗೈಡ್‌ಗೆ ದೋಸೆಯೆಂದರೇನೆಂದು ವಿವರಿಸಬೇಕಾಯಿತು. ಅದು ಸುಲಭವಾಗಲಿಲ್ಲ.

ಗದ್ದೆಯ ಗೋಡೆ ಐನೂರು ಮಳೆಗಾಲ ಕಳೆದರೂ ಜರಿದಿಲ್ಲವೇಕೆ? ಮೇಲೆ ಫಲವತ್ತಾದ ಮಣ್ಣು, ಅದರ ಕೆಳಗೆ ಮರಳು, ಜಲ್ಲಿ, ತಳದಲ್ಲಿ ದೊಡ್ಡ ಕಲ್ಲು. ನೀರು ನಿಲ್ಲದೆ ಸೋಸಿ ಹೋಗುತ್ತದೆ. ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ ಬೀಳುವ ಮಾಚು ಪಿಚ್ಚುವಿನಲ್ಲಿಯೂ ಇದೇ ಕ್ರಮ. ಅಲ್ಲಿನ ನೀರಿನ ವ್ಯವಸ್ಥೆಯನ್ನು 1990ರ ದಶಕದಿಂದ ಅಧ್ಯಯನ ಮಾಡಿದ ಎಂಜಿನಿಯರ್ ಕೆನೆತ್ ರೈಟ್ ಅವರ ಅಂದಾಜಿನಲ್ಲಿ ಒಟ್ಟು ಕಟ್ಟಡ ಕೆಲಸದ ಸುಮಾರು ಶೇ. 60 ಭಾಗ ನೆಲದೊಳಗೇ ಇದೆ. ಪ್ರವಾಸಿಗರು ಫೋಟೋ ತೆಗೆಯುವುದು ಉಳಿದ ಭಾಗವನ್ನು.

ಕಲ್ಲುಗಳು ಹೀಗೆ ನಿಂತಿರುವುದಕ್ಕೆ ಇನ್ನೊಂದು ಕಾರಣವಿದೆ. ಸ್ಪೇನಿನವರು ಈ ಕಟ್ಟಡಗಳ ಮೇಲೆ ಕೈಮಾಡಲಿಲ್ಲ. ಅವರ ಕೈ ತಾಗಿದ ಕಡೆ ಏನಾಯಿತೆಂದು ನೋಡಲು ಕುಸ್ಕೋಗೆ ಹೋಗಬೇಕು. ಅಲ್ಲಿ ಇಂಕಾಗಳ ಮುಖ್ಯ ಸೂರ್ಯ ದೇಗುಲ ಕೊರಿಕಾಂಚದ ಗೋಡೆಗಳ ಮೇಲೆಯೇ ಸಂತ ಡೊಮಿಂಗೊ ಮಠ ಎದ್ದು ನಿಂತಿದೆ. ಓದುಗರ ಗಮನವನ್ನು ಇಲ್ಲಿ ಒಂದು ಪದದ ಕಡೆಗೆ ಸೆಳೆಯಬೇಕಾಗಿದೆ. 1532ರ ನವೆಂಬರ್ 16ರಂದು ಕಾಹಾಮಾರ್ಕದಲ್ಲಿ ಇಂಕಾ ದೊರೆ ಅತಾಹುವಾಲ್ಪನನ್ನು ಸೆರೆಹಿಡಿದ ಫ್ರಾನ್ಸಿಸ್ಕೊ ಪಿಸಾರೋನ ಜೊತೆ ಅವನ ಕಾರ್ಯದರ್ಶಿ ಫ್ರಾನ್ಸಿಸ್ಕೊ ದೆ ಹೆರೆಸ್ ಇದ್ದ. 1534ರಲ್ಲಿ ಸೆವಿಲ್ಲದಲ್ಲಿ ಅಚ್ಚಾದ ತನ್ನ ವರದಿಯಲ್ಲಿ ಆತ ಇಂಕಾಗಳ ದೇಗುಲಗಳನ್ನು ಕರೆಯುವುದು 'ಮೆಸ್ಕೀತಾ' ಎಂದು. ಅಂದರೆ ಮಸೀದಿ! ಪಚಾಕಾಮಾಕದ ದೇಗುಲವನ್ನು ಲೂಟಿ ಮಾಡಲು ಹೋದ ಎರ್ನಾಂದೊ ಪಿಸಾರೋ ತನ್ನ ಪತ್ರದಲ್ಲಿ ಬಳಸಿದ್ದೂ ಇದೇ ಪದ. ಪೆರುವಿನಲ್ಲಿ ಮಸೀದಿ ಎಲ್ಲಿತ್ತು? ಇರಲಿಲ್ಲ. ಅವರಿಗೆ ಗೊತ್ತಿದ್ದ ಪರಧರ್ಮದ ಆಲಯ ಅದೊಂದೇ. 1492ರಲ್ಲಿ ಗ್ರನಾಡ ಬಿದ್ದು ಆಗಿನ್ನೂ ನಲವತ್ತು ವರ್ಷ. ಅಲ್ಲಿ ಕಲಿತ ಶತ್ರುವಿನ ಹೆಸರನ್ನು ಹಡಗಿನಲ್ಲಿ ಹಾಕಿಕೊಂಡು ಬಂದು, ಕಂಡದ್ದಕ್ಕೆಲ್ಲ ಅಂಟಿಸಿದರು. ಅಂದಲೂಸಿಯದ ಕತೆಗಳಲ್ಲಿ 'ಮೂರರನ್ನು ಕೊಲ್ಲುವವ' ಎನಿಸಿಕೊಂಡಿದ್ದ ಸಂತ ಸಾಂತಿಯಾಗೊ 1536ರಲ್ಲಿ ಕುಸ್ಕೋ ಮುತ್ತಿಗೆಯ ವೇಳೆ ಬಿಳಿ ಕುದುರೆಯೇರಿ ಬಂದನೆಂದು ಹೇಳಿಕೊಂಡು, ಅವನನ್ನು 'ಇಂಡಿಯನ್ನರನ್ನು ಕೊಲ್ಲುವವ' ಮಾಡಿದರು. ಸಂತನೂ ಕುದುರೆಯೂ ಅವೇ. ಗೊರಸಿನ ಕೆಳಗೆ ಬಿದ್ದವನು ಮಾತ್ರ ಬದಲಾದ.

ಈ ಕತೆಯಲ್ಲಿ ನಮ್ಮನ್ನು ಬಹಳ ಕಾಡುವ ವ್ಯಕ್ತಿ ಇಂಕಾ ಗಾರ್ಸಿಲಾಸೊ ದೆ ಲಾ ವೇಗ. 1539ರಲ್ಲಿ ಕುಸ್ಕೋದಲ್ಲಿ ಹುಟ್ಟಿದ. ತಾಯಿ ಇಂಕಾ ರಾಜವಂಶದವಳು, ತಂದೆ ಸ್ಪೇನಿನ ದಳಪತಿ. 1560ರಲ್ಲಿ ಸ್ಪೇನಿಗೆ ಹೋದವನು ಮರಳಲಿಲ್ಲ. ಅಲ್ಲಿ, ಬಲವಂತದಿಂದ ಕ್ರೈಸ್ತರಾಗಿದ್ದ ಗ್ರನಾಡದ ಮುಸ್ಲಿಮರು, ಅಂದರೆ ಮೊರಿಸ್ಕೋಗಳು ಆಲ್ಪುಹಾರ ಬೆಟ್ಟಗಳಲ್ಲಿ ಬಂಡೆದ್ದಾಗ ಅವರನ್ನು ಅಡಗಿಸಲು ಹೋದ ಸೈನ್ಯದಲ್ಲಿ ಈತನೂ ಇದ್ದ. ಸೋತ ಒಂದು ಜನಾಂಗದ ಮಗ ಸೋಲುತ್ತಿದ್ದ ಇನ್ನೊಂದು ಜನಾಂಗದ ಮೇಲೆ ಕತ್ತಿಯೆತ್ತಿದ. ನಂತರದ ದಿನಗಳಲ್ಲಿ ಕುಳಿತು ತಾಯಿಯ ಕಡೆಯವರ ಚರಿತ್ರೆ ಬರೆದ. ಅದು ಅಚ್ಚಾದ 1609ನೇ ಇಸವಿಯಲ್ಲೇ ಸ್ಪೇನಿನ ದೊರೆ ಮೊರಿಸ್ಕೋಗಳನ್ನು ದೇಶದಿಂದ ಹೊರಹಾಕಲು ಆರಂಭಿಸಿದ. 1616ರಲ್ಲಿ ತೀರಿಕೊಂಡ ಗಾರ್ಸಿಲಾಸೊನನ್ನು ಹೂಳಿದ್ದು ಕೊರ್ದೊಬದಲ್ಲಿ, ಕ್ಯಾಥೆಡ್ರಲ್ ಆಗಿ ಮಾರ್ಪಟ್ಟ ಆ ಮಹಾ ಮಸೀದಿಯೊಳಗಿನ ಒಂದು ಕೋಣೆಯಲ್ಲಿ. ಆತನನ್ನು ದ್ರೋಹಿಯೆಂದು ಜರೆಯುವುದು ಸುಲಭ. ಆದರೆ ಆತ ಬರೆಯದೇ ಹೋಗಿದ್ದರೆ ಇಂಕಾಗಳ ಕುರಿತು ಅವರದೇ ರಕ್ತದವರು ಹೇಳಿದ್ದರಲ್ಲಿ ಬಹುಪಾಲು ನಮಗೆ ಸಿಗುತ್ತಿರಲಿಲ್ಲ.

ಇನ್ನು ಮಿತಾ. 1570ರ ದಶಕದಲ್ಲಿ ವೈಸರಾಯ್ ತೊಲೆದೊ ಇಂಕಾಗಳ ಸರದಿ ಪದ್ಧತಿಯನ್ನೇ ಬಳಸಿ, ಇಂದಿನ ಬೊಲಿವಿಯಾದಲ್ಲಿರುವ ಪೊಟೋಸಿಯ ಬೆಳ್ಳಿ ಗಣಿಗೆ ಜನರನ್ನು ಅಟ್ಟಿದ. ನಿಗದಿಪಡಿಸಿದ ಪ್ರಾಂತಗಳ ವಯಸ್ಕ ಗಂಡಸರಲ್ಲಿ ಏಳನೇ ಒಂದು ಭಾಗ, ವರ್ಷಕ್ಕೆ ಸುಮಾರು 13,000 ಮಂದಿ. ರಾಜಮಾರ್ಗದಲ್ಲೇ ಅವರು ಹೆಂಡಿರು ಮಕ್ಕಳು ಲಾಮಾಗಳೊಂದಿಗೆ ನಡೆದು ಹೋದರು, ಅನೇಕರು ಹಿಂದಿರುಗಲಿಲ್ಲ. ಕೊಟ್ಟ ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಅಮೆರಿಕ ಖಂಡದ ಆ ಬೆಳ್ಳಿ ಯುರೋಪನ್ನು ಹಾಯ್ದು ಸೂರತ್ತಿಗೆ ಬಂದು ಮೊಘಲರ ರೂಪಾಯಿಯಾಯಿತು; ಸ್ಪೇನಿನ ರಿಯಾಲ್ ನಾಣ್ಯಗಳಾಗಿ ನಮ್ಮ ಕರಾವಳಿಯ ಕರಿಮೆಣಸನ್ನು ಕೊಂಡಿತು. 1780ರಲ್ಲಿ ಎರಡನೇ ತುಪಾಕ್ ಅಮಾರು ದಂಗೆಯೆದ್ದಾಗ ಅವನ ಬೇಡಿಕೆಗಳಲ್ಲಿ ಮಿತಾ ನಿಲ್ಲಿಸಬೇಕೆಂಬುದೂ ಒಂದು. ಮರುವರ್ಷ ಅವನನ್ನು ಕುಸ್ಕೋದ ಚೌಕದಲ್ಲಿ ಕೊಂದರು, ಗಾರ್ಸಿಲಾಸೊನ ಪುಸ್ತಕವನ್ನೂ ನಿಷೇಧಿಸಿದರು. ಮಿತಾ ರದ್ದಾದದ್ದು 1812ರಲ್ಲಿ.

ವಿನ್ಯಾಯ್ ವಾಯ್ನಾದಿಂದ ಮುಂದೆ ದಾರಿ ಕಾಡಿನ ನೆರಳಿನಲ್ಲಿ ಹಾಸುಗಲ್ಲಿನ ಮೇಲೆ ಸಾಗುತ್ತದೆ. ಕೊನೆಯಲ್ಲಿ ಸುಮಾರು ಐವತ್ತು ಮೆಟ್ಟಿಲು, ಕೈಯೂರಿ ಹತ್ತುವಷ್ಟು ಕಡಿದು. ಆಮೇಲೆ ಇಂತಿ ಪುಂಕು, ಸೂರ್ಯನ ಬಾಗಿಲು. ಅಲ್ಲಿ ನಿಂತರೆ ಕೆಳಗೆ ಮಾಚು ಪಿಚ್ಚು. ನೋಟವನ್ನು ವರ್ಣಿಸುವ ಗೊಡವೆಗೆ ನಾವು ಹೋಗುವುದಿಲ್ಲ, ಫೋಟೋ ನೋಡದವರು ಯಾರಿದ್ದಾರೆ?

1911ರ ಜುಲೈ 24ರಂದು ಬಿಂಗ್‌ಹ್ಯಾಮ್‌ನನ್ನು ಇಲ್ಲಿಗೆ ಕರೆತಂದದ್ದು ಕೆಳಗಿನ ಕಣಿವೆಯ ರೈತ ಮೆಲ್ಚೋರ್ ಆರ್ತೆಯಾಗ. ಸಿಕ್ಕ ಕೂಲಿ ಒಂದು ಬೆಳ್ಳಿ ನಾಣ್ಯ. ಮೇಲೆ ರಿಚಾರ್ತೆ ಮತ್ತು ಆಲ್ವಾರೆಸ್ ಮನೆತನಗಳು ಹಳೆಯ ಗದ್ದೆಗಳಲ್ಲೇ ಬೇಸಾಯ ಮಾಡಿಕೊಂಡಿದ್ದವು. ಅವಶೇಷಗಳನ್ನು ತೋರಿಸಿದ್ದು ಆ ಮನೆಯ ಒಬ್ಬ ಹುಡುಗ. ದೇಗುಲದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ 'ಲಿಸಾರ್ರಾಗ, 1902' ಎಂಬ ಬರಹವೂ ಇತ್ತು. ಅಗುಸ್ತಿನ್ ಲಿಸಾರ್ರಾಗ ಆ ಕಣಿವೆಯ ರೈತ. ಬಿಂಗ್‌ಹ್ಯಾಮ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಈ ಹೆಸರನ್ನು ಬರೆದುಕೊಂಡ. ಗೋಡೆಯ ಮೇಲಿನ ಬರಹವನ್ನು ಆಮೇಲೆ ಅಳಿಸಲಾಯಿತು. ಲಿಸಾರ್ರಾಗ 1912ರಲ್ಲಿ ಹೊಳೆ ದಾಟುವಾಗ ಮುಳುಗಿ ಸತ್ತ. 1913ರ ಏಪ್ರಿಲ್‌ನಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ ಇಡೀ ಸಂಚಿಕೆಯನ್ನು ಬಿಂಗ್‌ಹ್ಯಾಮ್‌ನ ಶೋಧಕ್ಕೆ ಮೀಸಲಿಟ್ಟಿತು. 1948ರಲ್ಲಿ ತೆರೆದ, ನಾವು ಸಂಜೆ ಬಸ್ಸಿನಲ್ಲಿ ಇಳಿದು ಬಂದ ಹಾವಿನಂಥ ರಸ್ತೆಗೂ ಅವನದೇ ಹೆಸರು. 2021ರಲ್ಲಿ ಬ್ರಯಾನ್ ಬಾವರ್ ಮತ್ತು ದೊನಾತೊ ಅಮಾದೊ ಹಳೆಯ ದಾಖಲೆಗಳನ್ನು ಜೋಡಿಸಿ, ಇಂಕಾಗಳು ಈ ಊರನ್ನು ಪಿಚ್ಚು ಅಥವಾ ಹುವಾಯ್ನಾ ಪಿಚ್ಚು ಎನ್ನುತ್ತಿದ್ದಿರಬೇಕು ಎಂದು ತೋರಿಸಿದರು. 16ನೇ ಶತಮಾನದ ಕೊನೆಗೂ ಆ ಹೆಸರು ಸುತ್ತಲಿನ ಜನರ ಬಾಯಲ್ಲಿತ್ತು.

ಬಿಂಗ್‌ಹ್ಯಾಮ್ 1912ರಲ್ಲಿ ಅಗೆದು ಯೇಲ್‌ಗೆ ಸಾಗಿಸಿದ ಪೆಟ್ಟಿಗೆಗಳಲ್ಲಿ ಮಡಕೆ, ಕಂಚಿನ ಉಪಕರಣಗಳ ಜೊತೆ ನೂರಕ್ಕೂ ಹೆಚ್ಚು ಮಂದಿಯ ಮೂಳೆಗಳಿದ್ದವು. ಅವುಗಳಲ್ಲಿ ಬಹುಪಾಲು ಹೆಂಗಸರವೆಂದು ಅಂದಿನ ತಜ್ಞರು ನಿರ್ಧರಿಸಿದ್ದರಿಂದ 'ಸೂರ್ಯನ ಕನ್ಯೆಯರು' ಇಲ್ಲಿ ಅಡಗಿದ್ದರು ಎಂಬ ರಮ್ಯ ಕತೆ ಹುಟ್ಟಿತು. ದಶಕಗಳ ನಂತರ ಮತ್ತೆ ಪರೀಕ್ಷಿಸಿದಾಗ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ ಎಂದು ತಿಳಿಯಿತು. 2023ರಲ್ಲಿ ಪ್ರಕಟವಾದ ಡಿ.ಎನ್.ಎ. ಅಧ್ಯಯನ 34 ಮಂದಿಯನ್ನು ನೋಡಿತು. ಅವರು ರಾಜಮನೆತನದವರಲ್ಲ, ಅರಮನೆಯ ಊಳಿಗಕ್ಕೆಂದು ಸಾಮ್ರಾಜ್ಯದ ನಾನಾ ಮೂಲೆಗಳಿಂದ, ದೂರದ ಅಮೆಜಾನ್ ಕಾಡಿನಿಂದಲೂ ತಂದ ಜನ. ಹತ್ತಿರದ ರಕ್ತಸಂಬಂಧ ಇದ್ದುದು ಒಬ್ಬ ತಾಯಿ ಮತ್ತು ಮಗಳಿಗೆ ಮಾತ್ರ. ಉಳಿದವರೆಲ್ಲ ತಮ್ಮವರಿಂದ ಬೇರ್ಪಟ್ಟು ಬಂದವರು, ಇಲ್ಲಿಯೇ ಒಬ್ಬರ ಪಕ್ಕ ಒಬ್ಬರು ಮಣ್ಣಾದವರು.

ಸಾಲ ತಂದ ವಸ್ತುಗಳನ್ನು ಕೊಡಿ ಎಂದು ಪೆರು ದಶಕಗಳ ಕಾಲ ಕೇಳಿತು, ಕೊನೆಗೆ ಅಮೆರಿಕದ ಕೋರ್ಟಿಗೂ ಹೋಯಿತು. 2010ರಲ್ಲಿ ಯೇಲ್ ಒಪ್ಪಿಕೊಂಡಿತು. 2011 ಮತ್ತು 2012ರಲ್ಲಿ ಪೆಟ್ಟಿಗೆಗಳು ವಿಮಾನದಲ್ಲಿ ಮರಳಿದವು. ಈಗ ಆ ವಸ್ತುಗಳ ಮನೆ ಕುಸ್ಕೋದ ಕಾಸಾ ಕೊಂಚ, ಇಂಕಾ ಗೋಡೆಗಳ ಮೇಲೆ ಸ್ಪೇನಿನವರು ಎಬ್ಬಿಸಿದ ಒಂದು ದೊಡ್ಡ ಮನೆ. ಮರುದಿನ ಅಲ್ಲಿಗೆ ಹೋದೆವು. ಗಾಜಿನ ಕಪಾಟುಗಳಲ್ಲಿ ಜೋಳದ ಮದ್ಯ ಹುದುಗಿಸುವ ಮಡಕೆಗಳು, ನೂಲುವ ಕದಿರುಗಳು, ಕಲ್ಲು ಕುಟ್ಟಲು ಬಳಸಿದ ದುಂಡು ಕಲ್ಲುಗಳು ಇದ್ದವು.