ವಿಮಾನ ಬಂತು, ಆದರೆ ಕರೆಯೋದು ಹೇಗೆ?

1917ರ ಮಾತು. ಆಸ್ಟ್ರೇಲಿಯಾದ ಹಾಲ್ಸ್ ಕ್ರೀಕ್ ಎಂಬ ಮೂಲೆಯೂರಿನ ಬಳಿ ದನ ಕಾಯುತ್ತಿದ್ದ ಜಿಮ್ಮಿ ಡಾರ್ಸಿ ಕುದುರೆಯಿಂದ ಬಿದ್ದ. ಹೊಟ್ಟೆಯೊಳಗೆ ಪೆಟ್ಟು. ಹತ್ತಿರದಲ್ಲಿ ಡಾಕ್ಟರ್ ಇಲ್ಲ. ದೂರದ ಪರ್ತ್ ನಗರದ ಡಾಕ್ಟರ್ ತಂತಿ ಮೂಲಕ ಹೇಳಿಕೊಟ್ಟಂತೆ, ಊರಿನ ಪೋಸ್ಟ್ ಮಾಸ್ಟರ್ ಫ್ರೆಡ್ ಟಕೆಟ್ ಸಣ್ಣ ಚಾಕುವಿನಿಂದಲೇ ಆಪರೇಷನ್ ಮಾಡಿದರು. ಆಮೇಲೆ ಡಾಕ್ಟರ್ ಹಡಗು, ಕಾರು ಹಿಡಿದು ಹೊರಟರು. ಅವರು ತಲುಪುವ ಹಿಂದಿನ ದಿನವೇ ಡಾರ್ಸಿ ತೀರಿಕೊಂಡಿದ್ದ.

ಇಂಥವರಿಗೆ ವಿಮಾನದಲ್ಲಿ ಡಾಕ್ಟರನ್ನು ಕಳಿಸಬೇಕು ಎಂದು ಪಾದ್ರಿ ಜಾನ್ ಫ್ಲಿನ್ ಹತ್ತು ವರ್ಷ ಓಡಾಡಿ ದುಡ್ಡು ಕೂಡಿಸಿದರು. 1928ರ ಮೇ 17ರಂದು ಕ್ಲಾನ್ಕರಿಯಿಂದ ಜೂಲಿಯಾ ಕ್ರೀಕ್‌ಗೆ ಮೊದಲ ವಿಮಾನ ಹಾರಿತು. ಅದೂ ಬಾಡಿಗೆಯದು. ಮೊದಲ ವರ್ಷವೇ 225 ರೋಗಿಗಳಿಗೆ ಚಿಕಿತ್ಸೆ ಸಿಕ್ಕಿತು.

ಆದರೆ ಒಂಟಿ ಮನೆಗಳಲ್ಲಿ ಫೋನೂ ಇಲ್ಲ, ಕರೆಂಟೂ ಇಲ್ಲ. ವಿಮಾನ ಕರೆಯೋದು ಹೇಗೆ? 1929ರಲ್ಲಿ ಆಲ್ಫ್ರೆಡ್ ಟ್ರೇಗರ್ ಕಾಲಲ್ಲಿ ತುಳಿದು ನಡೆಸುವ ಪೆಡಲ್ ರೇಡಿಯೊ ತಂದರು. ಸೈಕಲ್ ಥರ ತುಳಿಯುತ್ತಾ ಸುದ್ದಿ ಕಳಿಸಿದರೆ ಡಾಕ್ಟರಿಗೆ ಮುಟ್ಟುತ್ತಿತ್ತು.

1942ರಿಂದ ಮನೆಗಳಿಗೆ ಔಷಧಿ ಪೆಟ್ಟಿಗೆಯೂ ಬಂತು. ಪ್ರತಿ ಔಷಧಿಗೂ ಒಂದು ನಂಬರ್. ಡಾಕ್ಟರ್ ರೇಡಿಯೊದಲ್ಲಿ ನಂಬರ್ ಹೇಳಿದರೆ ಸಾಕು, ಮನೆಯವರೇ ತೆಗೆದು ಕೊಡುತ್ತಿದ್ದರು. ಉದ್ದುದ್ದ ಹೆಸರು ಓದಿ ತಪ್ಪು ಔಷಧಿ ಕೊಡುವ ಭಯವಿಲ್ಲ. ಸಣ್ಣಪುಟ್ಟ ಕಾಯಿಲೆಗೆ ವಿಮಾನವೇ ಬೇಕಾಗುತ್ತಿರಲಿಲ್ಲ. ಅದು ನಿಜವಾಗಿ ಬೇಕಾದವರಿಗೆ ಉಳಿಯುತ್ತಿತ್ತು.

ಏರ್ ಆಂಬುಲೆನ್ಸ್ ಅಂದರೆ ಬರೀ ವಿಮಾನವಲ್ಲ. ಕರೆ ಮುಟ್ಟಬೇಕು, ಪಕ್ಕದಲ್ಲಿರುವವರಿಗೆ ಏನು ಮಾಡಬೇಕೆಂದು ಗೊತ್ತಿರಬೇಕು. ನೆಟ್‌ವರ್ಕ್ ಹುಡುಕುತ್ತಾ ಗುಡ್ಡ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.